ಟ್ರೈಲರ್ ಎಳೆಯಲು ಪಿಕಪ್‌ನ ಎಂಜಿನ್ ಬದಲಿಸಬೇಕೆ?

5.7 ಲೀಟರ್ ಪೆಟ್ರೋಲ್ ವಿ8, ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಆಕ್ಸಲ್ ರೇಶಿಯೊ (ಚಕ್ರ ಒಂದು ಸುತ್ತು ತಿರುಗಲು ಡ್ರೈವ್‌ಶಾಫ್ಟ್ ಎಷ್ಟು ಸುತ್ತಬೇಕು ಎಂಬ ಲೆಕ್ಕ) 3.42, ಹಿಂದೆ 3 ಟನ್ ಟ್ರೈಲರ್. ಏರಿನಲ್ಲಿ ಗಾಡಿ ಸೋಲುತ್ತಿದೆ, ಹಳೆಯ 5.9 ಲೀಟರ್ ಕಮಿನ್ಸ್ ಡೀಸೆಲ್ ಕೂರಿಸಲೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಮೊದಲು ಕ್ರೌನ್-ಪಿನಿಯನ್, ಅಂದರೆ ಆ ರೇಶಿಯೊ ನಿರ್ಧರಿಸುವ ಆಕ್ಸಲ್ ಒಳಗಿನ ಗೇರ್ ಜೋಡಿ, ಬದಲಿಸಿ.

3.42 ತೆಗೆದು 4.10 ಹಾಕಿದರೆ ಇದೇ ಎಂಜಿನ್‌ನಿಂದ ಚಕ್ರಕ್ಕೆ ಸುಮಾರು 20% ಹೆಚ್ಚು ಟಾರ್ಕ್ (ತಿರುಗಿಸುವ ಬಲ) ಸಿಗುತ್ತದೆ. ಆರ್‌ಪಿಎಂ ಕೂಡ ಅಷ್ಟೇ ಏರುವುದರಿಂದ ಖಾಲಿ ಓಡುವಾಗ ಪೆಟ್ರೋಲ್ ತುಸು ಹೆಚ್ಚು ಕುಡಿಯುತ್ತದೆ. ಫೋರ್‌ವೀಲ್ ಗಾಡಿಯಾದರೆ ಮುಂದಿನ ಆಕ್ಸಲ್‌ಗೂ ಅದೇ ರೇಶಿಯೊ ಬೇಕೇ ಬೇಕು. ಇಲ್ಲದಿದ್ದರೆ ಎರಡೂ ಆಕ್ಸಲ್ ಜಗ್ಗಾಡಿ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹೋಗುತ್ತದೆ. ಬ್ಯಾಕ್‌ಲ್ಯಾಶ್ (ಗೇರ್ ಹಲ್ಲುಗಳ ನಡುವಿನ ಸಡಿಲ) ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ. ಒಳಗಿರಬೇಕು. ಡಯಲ್ ಗೇಜ್ ಇಡದೆ ಕೈಯಲ್ಲೇ ಅಲ್ಲಾಡಿಸಿ ನೋಡುವವರಿಗೆ ಈ ಕೆಲಸ ಕೊಡಬೇಡಿ. ಹೊಸ ಹಲ್ಲು ಕೂತುಕೊಳ್ಳಲು 800 ಕಿ.ಮೀ. ಟ್ರೈಲರ್ ಇಲ್ಲದೆ ಓಡಿಸಿ, ಆಮೇಲೆ ಗೇರ್ ಆಯಿಲ್ ಬದಲಿಸಿ. ಸ್ಪೀಡೋಮೀಟರನ್ನೂ ಹೊಸ ರೇಶಿಯೊಗೆ ಹೊಂದಿಸಬೇಕಾಗಬಹುದು.

ಎಳೆಯುವ ಗಾಡಿಗಳಲ್ಲಿ ಎಂಜಿನ್‌ಗಿಂತ ಮೊದಲು ಸಾಯುವುದು ಗೇರ್‌ಬಾಕ್ಸ್. ಏರಿನಲ್ಲಿ ಅದು ಓವರ್‌ಡ್ರೈವ್‌ಗೆ (ಎಂಜಿನ್ ನಿಧಾನ ತಿರುಗುವ ಮೇಲಿನ ಗೇರ್) ಹೋಗಿ ಬಂದು ಮಾಡುತ್ತಿದ್ದರೆ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಲಾಕ್ ಬಿಟ್ಟು, ಶಕ್ತಿಯೆಲ್ಲ ಆಯಿಲ್ ಕಾಯಿಸುವುದಕ್ಕೇ ಹೋಗುತ್ತದೆ. ಓವರ್‌ಡ್ರೈವ್ ಆಫ್ ಮಾಡಿ. ಡಿಪ್‌ಸ್ಟಿಕ್ (ಗೇರ್‌ಬಾಕ್ಸ್‌ನದು) ಎಳೆದು ಬಿಳಿ ಬಟ್ಟೆಗೆ ಒರೆಸಿ ನೋಡಿ: ಕೆಂಪಾಗಿದ್ದರೆ ಸರಿ, ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟುಗಳು ಸವೆಯುತ್ತಿವೆ. ರೇಡಿಯೇಟರ್ ಮುಂದೆ ಒಂದು ಹೆಚ್ಚುವರಿ ಆಯಿಲ್ ಕೂಲರ್, ಜೊತೆಗೆ ತಾಪಮಾನದ ಗೇಜ್ ಹಾಕಿಸಿ. ಆಯಿಲ್ 95 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ನಿಶ್ಚಿಂತೆ, 120 ದಾಟಿದರೆ ಬದಿಗೆ ನಿಲ್ಲಿಸಿ.

ಇಷ್ಟಾದ ಮೇಲೂ ಡೀಸೆಲ್ಲೇ ಬೇಕೆಂದರೆ, ಆ ಕಮಿನ್ಸ್ ಸುಮಾರು 500 ಕೆ.ಜಿ. ತೂಗುತ್ತದೆ, ನಿಮ್ಮ ವಿ8ರ ಹೆಚ್ಚುಕಡಿಮೆ ಎರಡು ಪಟ್ಟು. ಮುಂದಿನ ಸ್ಪ್ರಿಂಗ್, ಎಂಜಿನ್ ಮೌಂಟ್, ಗೇರ್‌ಬಾಕ್ಸ್, ರೇಡಿಯೇಟರ್ ಎಲ್ಲವೂ ಬದಲಾಗಬೇಕು. ಆದರೂ ಗಾಡಿಯ ಎಳೆಯುವ ಮಿತಿ ಒಂದು ಕೆ.ಜಿ.ಯೂ ಹೆಚ್ಚುವುದಿಲ್ಲ, ಏಕೆಂದರೆ ಅದನ್ನು ಫ್ರೇಮ್, ಆಕ್ಸಲ್, ಬ್ರೇಕ್‌ಗಳೂ ಸೇರಿ ನಿರ್ಧರಿಸುತ್ತವೆ. ಡೀಸೆಲ್ ಪಂಪ್‌ನ ಸೆಟ್ಟಿಂಗ್ ತಿರುಗಿಸಿ ಎಂಜಿನ್‌ಗೆ ಹೋಗುವ ಡೀಸೆಲ್ ಹೆಚ್ಚಿಸುವ ಮುನ್ನ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ, ಟರ್ಬೊಗಿಂತ ಮೊದಲು, ಪೈರೋಮೀಟರ್ (ಹೊಗೆಯ ಬಿಸಿ ಅಳೆಯುವ ಮೀಟರ್) ಕೂರಿಸಿ. ಮುಳ್ಳು 700 ಡಿಗ್ರಿಯಲ್ಲೇ ನಿಂತರೆ ಕಾಲು ಹಿಂದೆಗೆಯಿರಿ, ಪಿಸ್ಟನ್ ಕರಗುವ ದಾರಿ ಅದೇ. 12 ವಾಲ್ವ್‌ನ ಎಂಜಿನ್ ಸಿಕ್ಕರೆ, ಗಾಡಿಗೆ ಇಳಿಸುವ ಮೊದಲೇ ಮುಂದಿನ ಟೈಮಿಂಗ್ ಕವರ್ ಬಿಚ್ಚಿ ಒಳಗಿನ ಡವೆಲ್ ಪಿನ್‌ಗೆ (ಗೇರ್‌ಕೇಸನ್ನು ಸರಿಯಾದ ಜಾಗದಲ್ಲಿ ಕೂರಿಸುವ ಪುಟ್ಟ ಉಕ್ಕಿನ ಕಡ್ಡಿ) ತಡೆಪಟ್ಟಿ ಹಾಕಿಸಿ. ಅದು ಸಡಿಲವಾಗಿ ಟೈಮಿಂಗ್ ಗೇರ್‌ಗಳ ನಡುವೆ ಬಿದ್ದರೆ ಗೇರ್‌ಕೇಸೇ ಒಡೆಯುತ್ತದೆ.