ಅಣ್ಣ ವಂಶವೃಕ್ಷ ಮಾಡಿಸ್ತಿದ್ದಾನೆ!

(ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಅವರು ದಾವಣಗೆರೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು, ವಯಸ್ಸು 66. ಮೊದಲು ನನ್ನ ಹತ್ತಿರ ಸಲಹೆಗೆ ಬಂದಿದ್ದು ಅವರ ಹೆಂಡತಿ, ಒಬ್ಬರೇ. ಕೂತವರೇ ಹೇಳಿದರು: "ನಮ್ಮನೆಯವರು ಬದುಕಿರೋರಿಗಿಂತ ಸತ್ತೋರ ಜೊತೆ ಜಾಸ್ತಿ ಇರ್ತಾರೆ ನೋಡ್ರಿ."

ಮುಂದಿನ ವಾರ ಮೇಷ್ಟ್ರೂ ಬಂದರು. ಕಂಕುಳಲ್ಲಿ ಬಟ್ಟೆ ಚೀಲ, ಅದರ ತುಂಬ ನೋಟ್‌ಬುಕ್. ವಾರವಿಡೀ ಏನು ಮಾಡುತ್ತೀರಿ ಅಂತ ಕೇಳಿದೆ. ಮನೆತನದ ಹಿರಿಯರ ಇತಿಹಾಸ ಹುಡುಕೋದು ಅಂದರು. ಸೋಮವಾರ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್, ಹಳೆಯ ಕೈಬರಹದ ಪಹಣಿಗೆ ಅರ್ಜಿ. ಮಂಗಳವಾರ ಚಿತ್ರದುರ್ಗದ ಬಸ್ಸು. 1997ರವರೆಗೆ ದಾವಣಗೆರೆ ಆ ಜಿಲ್ಲೆಗೇ ಸೇರಿತ್ತಲ್ಲ, ಅಲ್ಲೂ ಏನಾದರೂ ಸಿಗಬಹುದು ಅಂತ. ಬುಧವಾರ ಯಾವುದಾದರೂ ಹಳ್ಳಿ, ವಯಸ್ಸಾದವರ ಮಾತನ್ನು ಮೊಬೈಲಿನಲ್ಲಿ ಹಿಡಿಯೋದು. ಉಳಿದಂತೆ ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್, ಆಮೇಲೆ ಗುಲಾಬಿ ಗಿಡ. ಭಾನುವಾರ ಮೊಮ್ಮಗಳಿಗೆ ಬೆಣ್ಣೆ ದೋಸೆ ಕೊಡಿಸುವ ಮಾತಿದೆ. ಹಿಂದಿನ ತಿಂಗಳು ಮೂರು ಭಾನುವಾರ ತಪ್ಪಿತ್ತು.

ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವ ಹೆಳವರ ವಿಷಯ ಬಂದಾಗ ಮುಖ ಅರಳಿತು. ಇವರು ಚಿಕ್ಕವರಿದ್ದಾಗ ಹೆಳವ ಎತ್ತಿನ ಮೇಲೆ ಬಂದು, ಬಾಗಿಲಲ್ಲಿ ನಿಂತು ಮುತ್ತಜ್ಜನಿಂದ ಹಿಡಿದು ಹೆಸರು ಹೇಳಿ, ಕಾಳು, ಬಟ್ಟೆ ಇಸ್ಕೊಂಡು ಹೋಗುತ್ತಿದ್ದರಂತೆ. ಈಗ ಮೇಷ್ಟ್ರು ಆ ಹೆಳವರ ಮೊಮ್ಮಗನನ್ನು ಹುಡುಕಿದ್ದಾರೆ. ಆತನ ಹತ್ತಿರವಿರುವ ವಂಶಾವಳಿ ಪುಸ್ತಕದಲ್ಲಿ ಎಂಟು ತಲೆಮಾರು ಸಿಕ್ಕಿದೆ. ಇಬ್ಬರು ಹುಡುಗರ ಹೆಸರು ಅಲ್ಲಿಗೇ ನಿಂತಿದೆ, ಮುಂದೆ ಏನೂ ಇಲ್ಲ. 1918ರ ಇನ್‌ಫ್ಲುಯೆಂಜಾದಲ್ಲಿ ಹೋಗಿರಬೇಕು ಅನ್ನೋದು ಮೇಷ್ಟ್ರ ಊಹೆ. ಹೇಳುವಾಗ ಗಂಟಲು ಕಟ್ಟಿತು. ಇದನ್ನು ಚಟ ಅಂತ ಬರೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಹೆಂಡತಿಯ ನಿಜವಾದ ಸಂಕಟ ಹೊರಬಿದ್ದಿದ್ದು ಮೂರನೇ ಭೇಟಿಯಲ್ಲಿ. ಯುಗಾದಿಗೆ ಮೈದುನ ಬರಲಿಲ್ಲ. ಓರಗಿತ್ತಿ ಫೋನ್ ಎತ್ತುತ್ತಿಲ್ಲ. ಊರಲ್ಲಿ ಯಾರೋ ಮೈದುನನಿಗೆ, "ನಿಮ್ಮಣ್ಣ ವಂಶವೃಕ್ಷ ಮಾಡಿಸ್ತಿದ್ದಾನೆ, ಹಳೇ ಪಹಣಿನೂ ತೆಗೆಸ್ತಿದ್ದಾನೆ" ಅಂದಿದ್ದರು.

ನಮ್ಮ ಕಡೆ ಈ ಎರಡು ಮಾತು ಒಟ್ಟಿಗೆ ಕಿವಿಗೆ ಬಿದ್ದರೆ ಯಾರಿಗೂ ಇತಿಹಾಸ ನೆನಪಾಗಲ್ಲ. ವಂಶವೃಕ್ಷ ಅಂದ್ರೆ ನಾಡಕಚೇರಿಯ ಕಾಗದ. ಸತ್ತವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಬೇಕು, ಭಾಗ ಆಗುವಾಗ ಬೇಕು. ಅದರಲ್ಲೂ ಮೇಷ್ಟ್ರು ಇಬ್ಬರು ಅಕ್ಕಂದಿರ ಹೆಸರೂ ಬರೆದಿದ್ದರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಊರಲ್ಲಿ ಹೊಲ ಮಾಡಿಕೊಂಡಿರುವ ತಮ್ಮನಿಗೆ ಎದೆ ಧಸಕ್ ಅನ್ನದೆ ಇರುತ್ತಾ?

ಮೇಷ್ಟ್ರಿಗೆ ಇದು ಹೊಳೆದೇ ಇರಲಿಲ್ಲ. "ಇಷ್ಟು ವರ್ಷ ಆದ್ರೂ ನಾನು ಎಂಥವನು ಅಂತ ಅವನಿಗೆ ಗೊತ್ತಾಗ್ಲಿಲ್ವಾ?" ಅಂತ ಸಿಟ್ಟಾದರು. ಹೆಂಡತಿ ಮೆಲ್ಲಗೆ ಕೇಳಿದರು, "ಏನು ಮಾಡ್ತಿದ್ದೀನಿ ಅಂತ ನೀವು ಅವನಿಗೆ ಹೇಳಿದ್ರಾ?"

ಫೋನ್ ಬೇಡ, ವಾಟ್ಸಾಪ್ ಅಂತೂ ಬೇಡವೇ ಬೇಡ ಅಂದೆ. ಊರಿಗೆ ಹೋಗಿ, ತಮ್ಮನ ಮನೆ ಪಡಸಾಲೆಯಲ್ಲಿ ಕೂತು ನೋಟ್‌ಬುಕ್ ಬಿಚ್ಚಿ. ತೆಗೆಸಿದ ಎಲ್ಲಾ ಪಹಣಿಯ ಜೆರಾಕ್ಸ್ ಅವರ ಕೈಗೇ ಕೊಡಿ. ವಂಶವೃಕ್ಷ ಅನ್ನೋ ಮಾತು ಬಿಟ್ಟು ಮನೆತನದ ಪುಸ್ತಕ ಅನ್ನಿ. ಹೊಲದ ಮಾತು ಅವರೇ ಎತ್ತಿದರೆ ಅದು ಬೇರೆ ದಿನ, ವಕೀಲರ ಹತ್ತಿರ. ಅದನ್ನೂ ಇದನ್ನೂ ಕಲಸಬೇಡಿ. ಅಕ್ಕಂದಿರ ಹೆಸರು ಮಾತ್ರ ಅಳಿಸಬೇಡಿ. ಹೆದರಿಕೆ ತಮ್ಮನದು, ಅದಕ್ಕೆ ಅಕ್ಕಂದಿರು ಯಾಕೆ ಮಾಯವಾಗಬೇಕು?

ವಾರಕ್ಕೆ ಎರಡೇ ದಿನ ಹುಡುಕಾಟ, ಅದು ಯಾವ ದಿನ ಅಂತ ಹೆಂಡತಿಗೆ ಮೊದಲೇ ಗೊತ್ತಿರಬೇಕು, ಭಾನುವಾರದ ದೋಸೆ ತಪ್ಪಬಾರದು ಅಂತಲೂ ಮಾತಾಯಿತು. ನನಗೆ ಅದು ಅಷ್ಟು ದೊಡ್ಡದು ಅನ್ನಿಸಿರಲಿಲ್ಲ. ಆದರೆ ಆಕೆ ದೂರು ಹೇಳಿಕೊಂಡು ಬಂದಿದ್ದು ಅದನ್ನೇ ಅಲ್ವಾ?

ಆರು ವಾರದ ನಂತರ ಇಬ್ಬರೂ ಬಂದರು. ಮೇಷ್ಟ್ರು ಊರಿಗೆ ಹೋಗಿಬಂದಿದ್ದರು. ತಮ್ಮ ಟೀ ಕೊಟ್ಟರು, ಕನ್ನಡಕ ಹಾಕಿಕೊಂಡು ಜೆರಾಕ್ಸ್ ಒಂದೊಂದೇ ಓದಿದರು, ಜಾಸ್ತಿ ಮಾತಾಡಲಿಲ್ಲ. ಹೊರಡುವ ಹೊತ್ತಿಗೆ ನೋಟ್‌ಬುಕ್ಕಿನ ಒಂದು ಹೆಸರಿನ ಮೇಲೆ ಬೆರಳಿಟ್ಟು, "ಇದು ತಪ್ಪು. ದೊಡ್ಡಪ್ಪನ್ನ ಮನೇಲಿ ಹಿಂಗೆ ಕರೀತಿದ್ರು, ಇಟ್ಟ ಹೆಸರು ಬೇರೆ" ಅಂದರಂತೆ.

ಓರಗಿತ್ತಿ ಇನ್ನೂ ಫೋನ್ ಎತ್ತಿಲ್ಲ.