ಓದುಗರ ಪ್ರಶ್ನೆ: ಫೋನಿನ ಮಾತು ಯಾರ ಕಿವಿಗೆ ಬೀಳುತ್ತದೆ?

ಪ್ರಶ್ನೆ: ನಾನು ಬೆಲ್ಲದ ವ್ಯಾಪಾರಿ. ಆಲೆಮನೆಯವರ ಜೊತೆ ಫೋನಿನಲ್ಲಿ ಮಾತಾಡಿಕೊಂಡ ದರ ಮರುದಿನವೇ ಪಕ್ಕದ ಮಂಡಿಯವರಿಗೆ ಗೊತ್ತಾಗಿರುತ್ತದೆ. ಮಾತಿನ ನಡುವೆ ಕಟಕಟ ಸದ್ದು ಬರುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಯಾರಾದರೂ ನನ್ನ ಕರೆಗಳನ್ನು ಕದ್ದಾಲಿಸುತ್ತಿದ್ದಾರೆಯೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಸದ್ದು ಬಂದದ್ದನ್ನೂ ಬ್ಯಾಟರಿ ಇಳಿದದ್ದನ್ನೂ ಕದ್ದಾಲಿಕೆಯ ಗುರುತೆಂದು ತಿಳಿಯಬೇಡಿ. ಸಿಗ್ನಲ್ ದುರ್ಬಲವಾದ ಕಡೆ ಮಾತು ಒಡೆದು ಕೇಳಿಸುತ್ತದೆ, ಟವರನ್ನು ಮುಟ್ಟಲು ಫೋನ್ ಹೆಚ್ಚು ಶಕ್ತಿಯನ್ನೂ ತೆಗೆದುಕೊಳ್ಳುತ್ತದೆ. ಸರ್ಕಾರದ ಆದೇಶದ ಮೇಲೆ ನಡೆಯುವ ಕದ್ದಾಲಿಕೆಯಾದರೆ ಅದು ದೂರಸಂಪರ್ಕ ಕಂಪನಿಯ ಜಾಲದೊಳಗೇ ನಡೆಯುವುದರಿಂದ ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ಅದರ ಸುಳಿವು ಸಿಗುವುದೇ ಇಲ್ಲ.

ಅಂಥ ಆದೇಶವನ್ನು ಸ್ಥಳೀಯ ಠಾಣೆಯವರು ತಾವಾಗಿ ಹೊರಡಿಸುವಂತಿಲ್ಲ. ಫೋನಿನ ಮಾತು ಖಾಸಗಿತನದ ಭಾಗವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ್ದ ಮೊಕದ್ದಮೆಯಲ್ಲಿ ಹೇಳಿ ಕಟ್ಟುಪಾಡುಗಳನ್ನು ವಿಧಿಸಿದ ಮೇಲೆ, ಸಾಮಾನ್ಯ ಸಂದರ್ಭದಲ್ಲಿ ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯೇ ಆದೇಶ ನೀಡಬೇಕು. ಅದು 60 ದಿನ ಜಾರಿಯಲ್ಲಿರುತ್ತದೆ, ಮುಂದುವರಿಸಿದರೂ ಒಟ್ಟು 180 ದಿನ ಮೀರುವಂತಿಲ್ಲ. ನಮ್ಮ ರಾಜ್ಯದಲ್ಲಿ ಇದು ಎಷ್ಟು ಗಂಭೀರ ವಿಷಯವೆಂಬುದಕ್ಕೆ, ಕದ್ದಾಲಿಕೆಯ ಆರೋಪ ಬಂದಾಗ 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟದ್ದನ್ನು ಹಿರಿಯ ಓದುಗರು ಮರೆತಿರಲಾರರು. ಅಧಿಕಾರವಿಲ್ಲದೆ ಕದ್ದಾಲಿಸಿದವರಿಗೆ 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ 3 ವರ್ಷದವರೆಗೆ ಸೆರೆ, 2 ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಹಳೆಯ 2ಜಿ ಜಾಲದಲ್ಲಿ ಒಂದು ನಿಜವಾದ ದೋಷವಿದೆ. ಅಲ್ಲಿ ಫೋನ್ ತಾನು ಯಾರೆಂದು ಟವರಿಗೆ ರುಜುವಾತು ಮಾಡಬೇಕೇ ಹೊರತು, ಟವರ್ ತಾನು ಅಸಲಿ ಎಂದು ಫೋನಿಗೆ ತೋರಿಸಬೇಕಾಗಿಲ್ಲ; ಆದ್ದರಿಂದ ನಕಲಿ ಟವರ್ ಇಟ್ಟು ಕರೆಯನ್ನು ಹಿಡಿಯಲು ಸಾಧ್ಯ. 3ಜಿಯಿಂದ ಈಚೆಗೆ ಎರಡೂ ಕಡೆಯವರು ರುಜುವಾತು ಮಾಡಬೇಕಾಗಿದೆ. ನಿಮ್ಮ ಸೆಟ್ಟಿಂಗ್ಸ್‌ನಲ್ಲಿ ವೋಲ್ಟಿ ಕರೆ (4ಜಿ ಜಾಲದ ಮೂಲಕವೇ ಹೋಗುವ ಕರೆ) ಚಾಲೂ ಇರಲಿ, 2ಜಿಯನ್ನು ಮುಚ್ಚುವ ಅವಕಾಶವಿದ್ದರೆ ಮುಚ್ಚಿಬಿಡಿ. ಆದರೂ ಬೆಲ್ಲದ ದರ ತಿಳಿಯುವುದಕ್ಕಾಗಿ ಯಾರೋ ಅಂಥ ಉಪಕರಣ ಹೂಡಿದ್ದಾರೆಂದು ನನಗನ್ನಿಸುವುದಿಲ್ಲ.

ನಾನಾದರೆ ಮೊದಲು ನೋಡುವುದು ಫೋನಿನ ಒಳಗೆ. ಕರೆ ಮಾಡುವ ಆಪ್‌ನ ಸೆಟ್ಟಿಂಗ್ಸ್ ತೆರೆದು, ಕರೆಗಳು ತಾವಾಗಿಯೇ ರೆಕಾರ್ಡ್ ಆಗುವ ವ್ಯವಸ್ಥೆ ಚಾಲೂ ಇದೆಯೇ ನೋಡಿ. ಇದ್ದರೆ ನೀವಾಡಿದ ಪ್ರತಿ ಮಾತೂ ಫೋನಿನ ಒಂದು ಫೋಲ್ಡರಿನಲ್ಲಿ ದಿನಾಂಕದ ಸಮೇತ ಕೂತಿರುತ್ತದೆ. ಲಾರಿ ನಂಬರ್ ಬರೆದುಕೊಳ್ಳಲೆಂದು ಫೋನ್ ತೆಗೆದುಕೊಂಡ ಗುಮಾಸ್ತ ಅದನ್ನು ಕೇಳಬಹುದು, ಇನ್ನೊಬ್ಬರಿಗೆ ಕಳಿಸಲೂಬಹುದು. ಬಳಿಕ ವಾಟ್ಸ್‌ಆಪ್ ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, ‘ಲಿಂಕ್ಡ್ ಡಿವೈಸಸ್’ ಎಂಬಲ್ಲಿ ನಿಮ್ಮದಲ್ಲದ ಕಂಪ್ಯೂಟರ್ ಇದೆಯೇ ನೋಡಿ, ಇದ್ದರೆ ಲಾಗ್ ಔಟ್ ಮಾಡಿ. ಬೀಗ ತೆರೆದ ಫೋನನ್ನು ರಿಪೇರಿಗೆ ಕೊಟ್ಟಿದ್ದರೆ ಒಂದೆರಡು ನಿಮಿಷದಲ್ಲಿ ಈ ಜೋಡಣೆ ಮಾಡಿಬಿಡಬಹುದು, ಆಮೇಲೆ ನೀವು ಕಳಿಸುವ ಸಂದೇಶ, ಧ್ವನಿ, ಚೀಟಿಯ ಫೋಟೊ ಎಲ್ಲವೂ ಅಲ್ಲಿಯೂ ಕಾಣುತ್ತವೆ. ವಾಟ್ಸ್‌ಆಪ್‌ನ ಎನ್‌ಕ್ರಿಪ್ಷನ್ (ಸಂದೇಶವನ್ನು ಗುಟ್ಟು ಲಿಪಿಗೆ ತಿರುಗಿಸಿ ಕಳಿಸುವ ವ್ಯವಸ್ಥೆ) ದಾರಿಯಲ್ಲಿ ಕದಿಯುವವರನ್ನು ತಡೆಯುತ್ತದೆ, ಒಳಗೆ ಬಂದು ಕೂತವರನ್ನಲ್ಲ. ಇಷ್ಟೆಲ್ಲ ನೋಡಿದರೂ ಏನೂ ಸಿಗದಿದ್ದರೆ, ಆಲೆಮನೆಯವರ ಫೋನೂ ಇದೇ ರೀತಿ ತೆರೆದಿರಬಹುದೆಂಬುದನ್ನು ಗಮನಿಸಿ.

ಪ್ರಶ್ನೆ: ಕೊರಿಯರ್‌ನವರೆಂದು ಹೇಳಿಕೊಂಡವರೊಬ್ಬರು *401* ಒತ್ತಿ ಒಂದು ಮೊಬೈಲ್ ಸಂಖ್ಯೆ ಹಾಕಲು ಹೇಳಿದರು, ಹಾಗೆಯೇ ಮಾಡಿದೆ. ಆಮೇಲೆ ನನಗೆ ಕರೆಗಳೇ ಬರುತ್ತಿಲ್ಲ.
— ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ನಿಮ್ಮ ಕರೆಗಳೆಲ್ಲ ಅವರ ಸಂಖ್ಯೆಗೆ ತಿರುಗಿವೆ. ಎಸ್‌ಎಂಎಸ್ ತಿರುಗುವುದಿಲ್ಲವಾದರೂ, ಒಟಿಪಿಯನ್ನು ಕರೆ ಮಾಡಿ ಹೇಳುವ ವ್ಯವಸ್ಥೆ ಇರುವುದರಿಂದ ನಿಮ್ಮ ವಾಟ್ಸ್‌ಆಪ್ ಖಾತೆ ಅವರ ಕೈಗೆ ಹೋಗಬಹುದು. ಈ ಮೋಸದ ಕಾರಣಕ್ಕಾಗಿಯೇ, ಕೋಡ್ ಒತ್ತಿ ಕರೆ ತಿರುಗಿಸುವ ಸೇವೆಯನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಸೂಚಿಸಿತ್ತು. ಕೂಡಲೇ ಕರೆ ಸೆಟ್ಟಿಂಗ್ಸ್‌ನ ‘ಕಾಲ್ ಫಾರ್ವರ್ಡಿಂಗ್’ನಲ್ಲಿ ಆ ಸಂಖ್ಯೆ ತೆಗೆಯಿರಿ, ಅಥವಾ ##002# ಒತ್ತಿ, ಆಗದಿದ್ದರೆ ಕಂಪನಿಯ ಗ್ರಾಹಕ ಸೇವೆಯವರಿಂದ ಮಾಡಿಸಿ. ವಾಟ್ಸ್‌ಆಪ್‌ಗೆ ಎರಡು ಹಂತದ ಪಿನ್ ಇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಫೋನ್ ಕೊಡಿಸಿ, ಅದರಲ್ಲಿ ಎಲ್ಲವನ್ನೂ ಹಾಕಿಕೊಟ್ಟವರು ನನ್ನ ಯಜಮಾನರು. ನಾನು ತವರಿಗೆ ಫೋನ್ ಮಾಡಿದ್ದು, ದೇವರಾಜ ಮಾರುಕಟ್ಟೆಗೆ ಹೋದದ್ದು ಎಲ್ಲವೂ ಅವರಿಗೆ ತಿಳಿಯುತ್ತದೆ. ಗಂಡನಾದವರು ಹೀಗೆ ನೋಡುವುದು ಸರಿಯೇ?
— ಓದುಗರೊಬ್ಬರು, ಮೈಸೂರು

ಉತ್ತರ: ಸರಿಯಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಮದುವೆಯಾದ ಮಾತ್ರಕ್ಕೆ ಅದು ಹೋಗುವುದಿಲ್ಲ. ದಂಪತಿ ತಮ್ಮೊಳಗೆ ಆಡಿದ ಮಾತಿನ ರೆಕಾರ್ಡಿಂಗ್ ವಿಚ್ಛೇದನದಂಥ ವ್ಯಾಜ್ಯದಲ್ಲಿ ಸಾಕ್ಷ್ಯವಾಗಬಹುದೆಂದು ಅದೇ ನ್ಯಾಯಾಲಯ 2025ರಲ್ಲಿ ಹೇಳಿದೆ. ನೀವು ತಾಯಿಯ ಜೊತೆ ಆಡುವ ಮಾತಿನ ಮೇಲೆ ಕಾವಲಿಡುವುದು ಅದಕ್ಕಿಂತ ಬೇರೆಯೇ ವಿಷಯ.

ನಿಮ್ಮ ಫೋನಿನ ಗೂಗಲ್ ಖಾತೆಯನ್ನು ತೆರೆದವರು ಅವರೇ ಆಗಿ, ಪಾಸ್‌ವರ್ಡ್ ಅವರಲ್ಲಿದ್ದರೆ, ಯಾವ ಗೂಢಚಾರ ಆಪ್ ಇಲ್ಲದೆಯೂ ನೀವಿರುವ ಜಾಗ ಅವರ ಫೋನಿನಲ್ಲೇ ಕಾಣಬಹುದು. ಆ ಖಾತೆಯ ‘ಸೆಕ್ಯುರಿಟಿ’ಯಲ್ಲಿರುವ ಸಾಧನಗಳ ಪಟ್ಟಿ, ಗೂಗಲ್ ಮ್ಯಾಪ್ಸ್‌ನ ‘ಲೊಕೇಶನ್ ಶೇರಿಂಗ್’, ಸೆಟ್ಟಿಂಗ್ಸ್‌ನ ‘ಆಕ್ಸೆಸಿಬಿಲಿಟಿ’ಯಲ್ಲಿ ಅನುಮತಿ ಪಡೆದ ಅಪರಿಚಿತ ಆಪ್‌ಗಳು, ಈ ಮೂರನ್ನೂ ನೋಡಿ. ಆಂಡ್ರಾಯ್ಡ್ 12 ಅಥವಾ ಆಮೇಲಿನದಾದರೆ, ಮೈಕ್ ಕೆಲಸ ಮಾಡುವಾಗ ಪರದೆಯ ಮೇಲ್ಮೂಲೆಯಲ್ಲಿ ಹಸಿರು ಗುರುತು ಕಾಣುತ್ತದೆ.

ಆದರೆ ದಯವಿಟ್ಟು ಅವಸರದಲ್ಲಿ ಏನನ್ನೂ ತೆಗೆದುಹಾಕಬೇಡಿ. ಕಾವಲು ತಪ್ಪಿದ್ದು ಅವರಿಗೆ ತಕ್ಷಣ ತಿಳಿಯುತ್ತದೆ, ಆಗ ಮನೆಯಲ್ಲಿ ನಿಮಗೆ ತೊಂದರೆಯಾಗುವ ಭಯವಿದ್ದರೆ ನಿಮ್ಮ ಸುರಕ್ಷತೆಯೇ ಮೊದಲು. ಅಕ್ಕನದೋ ಗೆಳತಿಯದೋ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ ಮಾತಾಡಿ. ಕೈಮಾಡುವ ಹಂತಕ್ಕೆ ಬಂದರೆ ತುರ್ತು ಸಹಾಯದ ಸಂಖ್ಯೆ 112. ದೂರು ಕೊಡುವ ನಿರ್ಧಾರ ಮಾಡಿದರೆ ಮೈಸೂರು ನಗರದ ಸೆನ್ ಠಾಣೆಗೆ (ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆ) ಹೋಗಬಹುದು. ಹೋಗುವ ಮುನ್ನ ಫೋನನ್ನು ರೀಸೆಟ್ ಮಾಡಿಸಬೇಡಿ, ಇದ್ದದ್ದು ಇದ್ದ ಹಾಗೆಯೇ ಒಯ್ಯಿರಿ. ಅಳಿಸಿದರೆ ಸಾಕ್ಷ್ಯವೂ ಅಳಿಸಿಹೋಗುತ್ತದೆ.