ಲಸಿಕೆ ಪಡೆದ ಹೆಣ್ಣಿಲಿಗಳಲ್ಲಿ ಗರ್ಭನಷ್ಟ ದುಪ್ಪಟ್ಟಾಯಿತು ಅನ್ನುವುದು ನಿಜವೇ?

ಫೈಜರ್‌ನ ಕೋವಿಡ್ ಲಸಿಕೆಯ ಇಲಿ ಪರೀಕ್ಷೆಯಲ್ಲಿ ಗರ್ಭನಷ್ಟ ಎರಡು ಪಟ್ಟಾಗಿತ್ತಂತೆ, ಅದನ್ನು ಅಳೆಯುವುದಾದರೂ ಹೇಗೆ ಎಂದು ಕೇಳಿದ್ದೀರಿ. ಅಂಕಿ ಇರುವುದು ನಿಜ: ಲಸಿಕೆಯ ಗುಂಪಿನಲ್ಲಿ 9.77%, ಬರೀ ಸಲೈನ್ (ಉಪ್ಪುನೀರು) ಪಡೆದ ಗುಂಪಿನಲ್ಲಿ 4.09%. ಆದರೆ ಇದು ಗರ್ಭಪಾತದ ಲೆಕ್ಕವಲ್ಲ. ಅಂಡಾಶಯದಿಂದ ಹೊರಬಿದ್ದ ಅಂಡಗಳಲ್ಲಿ ಎಷ್ಟು ಗರ್ಭಕೋಶಕ್ಕೆ ಅಂಟದೆ ಹೋದವು ಎಂಬ ಲೆಕ್ಕ.

ಪ್ರತಿ ಗುಂಪಿನಲ್ಲಿ 44 ವಿಸ್ಟಾರ್ ಹಾನ್ ತಳಿಯ ಹೆಣ್ಣಿಲಿಗಳಿದ್ದವು. ಮನುಷ್ಯರಿಗೆ ಕೊಡುವ 30 ಮೈಕ್ರೋಗ್ರಾಂ ಡೋಸನ್ನೇ ಪೂರ್ತಿಯಾಗಿ ಸ್ನಾಯುವಿಗೆ ಕೊಟ್ಟರು: ಗಂಡಿನ ಜೊತೆ ಬಿಡುವುದಕ್ಕೆ 21 ಮತ್ತು 14 ದಿನ ಮುಂಚೆ, ಮತ್ತೆ ಗರ್ಭದ 9 ಮತ್ತು 20ನೇ ದಿನ. ಗಂಡಿಲಿಗಳಿಗೆ ಲಸಿಕೆಯಿಲ್ಲ. ಕಾಲು ಕಿಲೋ ತೂಗುವ ಪ್ರಾಣಿಗೆ ಇದು ತೂಕದ ಲೆಕ್ಕದಲ್ಲಿ ನಮ್ಮ ಡೋಸಿನ ಇನ್ನೂರು ಪಟ್ಟಿಗೂ ಹೆಚ್ಚು. ಸುಮಾರು ಅರ್ಧದಷ್ಟು ಇಲಿಗಳನ್ನು ಗರ್ಭದ 21ನೇ ದಿನ ಕೊಯ್ದು ನೋಡುತ್ತಾರೆ, ಉಳಿದವು ಮರಿ ಹಾಕಿ ಮೂರು ವಾರ ಹಾಲೂಡಿಸುತ್ತವೆ.

ಇಂಥ ಪರೀಕ್ಷೆಯಲ್ಲಿ ಬೆದೆ ಚಕ್ರವನ್ನೂ ಗಮನಿಸುತ್ತಾರೆ. ಇಲಿಯಲ್ಲಿ ಅದು 4-5 ದಿನದ್ದು. ದಿನವೂ ಒಂದೇ ಹೊತ್ತಿಗೆ ಒಂದೆರಡು ಹನಿ ಸಲೈನಿನಿಂದ ಯೋನಿ ತೊಳೆದು ಸ್ಲೈಡ್ ಮೇಲೆ ನೋಡಬೇಕು. ಬರೀ ಚಪ್ಪಟೆ, ನ್ಯೂಕ್ಲಿಯಸ್ ಇಲ್ಲದ ಕೋಶಗಳಿದ್ದರೆ ಬೆದೆ, ಬಿಳಿ ರಕ್ತಕಣ ತುಂಬಿದ್ದರೆ ಬೆದೆಯಿಲ್ಲದ ಕಾಲ. ಪಿಪೆಟ್ ಆಳಕ್ಕೆ ಹೋಗಿ ಗರ್ಭಕೋಶದ ಕೊರಳು ಕೆರಳಿದರೆ ಇಲಿ ಸುಳ್ಳು ಗರ್ಭಕ್ಕೆ ಜಾರಿ ಹನ್ನೆರಡರಿಂದ ಹದಿನಾಲ್ಕು ದಿನ ಚಕ್ರವೇ ನಿಲ್ಲುತ್ತದೆ. ಕೈಯ ತಪ್ಪು ಲಸಿಕೆಯ ಲೆಕ್ಕಕ್ಕೆ ಬೀಳುತ್ತದೆ. ಬೆಳಿಗ್ಗೆ ಸ್ಲೈಡಿನಲ್ಲಿ ವೀರ್ಯಾಣು ಕಂಡ ದಿನವೇ ಗರ್ಭದ 0ನೇ ದಿನ.

ಈಗ ನಿಮ್ಮ ಅಂಕಿಗೆ ಬರೋಣ. ಹೊರಬಿದ್ದ ಪ್ರತಿ ಅಂಡದ ಜಾಗದಲ್ಲಿ ಅಂಡಾಶಯದ ಮೇಲೆ ಕಾರ್ಪಸ್ ಲೂಟಿಯಂ ಎಂಬ ಗಂಟು ಉಳಿಯುತ್ತದೆ. ಅವನ್ನು ಎಣಿಸಿ, ಅದರಿಂದ ಗರ್ಭಕೋಶಕ್ಕೆ ಅಂಟಿದ ಜಾಗಗಳ ಸಂಖ್ಯೆಯನ್ನು ಕಳೆದು, ಬಂದದ್ದನ್ನು ಗಂಟುಗಳ ಸಂಖ್ಯೆಯಿಂದ ಭಾಗಿಸಿದರೆ ನಷ್ಟದ ಪ್ರಮಾಣ ಸಿಗುತ್ತದೆ. 14 ಗಂಟು, 13 ಜಾಗ ಇದ್ದರೆ 7.1%. ಒಂದೇ ಅಂಡಕ್ಕೆ ಇಷ್ಟು! ಗುಂಪಿನಲ್ಲಿ ಕೊಯ್ದು ನೋಡುವ 22 ಇಲಿಗಳಲ್ಲಿ ಒಂದು 14ರಲ್ಲಿ 12 ಕಳೆದುಕೊಂಡರೂ ಸಾಕು, ಇಡೀ ಗುಂಪಿನ ಸರಾಸರಿ ಸುಮಾರು 4 ಶೇಕಡಾ ಅಂಶ ಮೇಲೇರುತ್ತದೆ. ಸಾಲದ್ದಕ್ಕೆ, ಹಿಂದಿನ ಚಕ್ರಗಳ ಗಂಟುಗಳೂ ಅಂಡಾಶಯದಲ್ಲಿ ಉಳಿದಿರುತ್ತವೆ. ಚಿಕ್ಕದಾಗಿ, ಮಂಕಾಗಿರುವ ಅವನ್ನೂ ಸೇರಿಸಿ ಎಣಿಸಿದರೆ ಇಲ್ಲದ ನಷ್ಟ ಹುಟ್ಟುತ್ತದೆ. ಹಾಗಾಗಿ ಎಣಿಸುವವರಿಗೆ ಇಲಿ ಯಾವ ಗುಂಪಿನದೆಂದು ಗೊತ್ತಿರಬಾರದು.

ಇದಕ್ಕೇ ಪ್ರಯೋಗಾಲಯದ ಹಳೆಯ ದಾಖಲೆ, ಅಂದರೆ ಹಿಂದಿನ ಪರೀಕ್ಷೆಗಳಲ್ಲಿ ಔಷಧಿ ಪಡೆಯದ ಇಲಿಗಳ ಅಂಕಿ, ಬೇಕಾಗುವುದು. ಆ ಪರೀಕ್ಷೆಯಲ್ಲಿ ಹೋಲಿಸಿದ ದಾಖಲೆಯ ವ್ಯಾಪ್ತಿ 5.1ರಿಂದ 11.5%. 9.77 ಅದರೊಳಗೇ ಇದೆ, ಅದರ ಕೆಳಗೆ ಹೋಗಿರುವುದು ಸಲೈನ್ ಗುಂಪಿನ 4.09. ದುಪ್ಪಟ್ಟು ಕಾಣಲು ಲಸಿಕೆಗಿಂತ ಆ ಗುಂಪಿನ ಅದೃಷ್ಟವೇ ಹೆಚ್ಚಿನ ಕಾರಣ ಎಂದು ನನ್ನ ಎಣಿಕೆ. ಗರ್ಭ ಕಟ್ಟುವುದರಲ್ಲಾಗಲಿ, ಭ್ರೂಣದ ಬೆಳವಣಿಗೆಯಲ್ಲಾಗಲಿ, ಮರಿಗಳು ಬದುಕುವುದರಲ್ಲಾಗಲಿ ಲಸಿಕೆಯ ಪರಿಣಾಮ ಕಾಣಲಿಲ್ಲ.

ಆಕ್ಷೇಪ ಎತ್ತುವುದಾದರೆ ದಿನಗಳ ಬಗ್ಗೆ ಎತ್ತಿ. ಇಲಿಯಲ್ಲಿ ಭ್ರೂಣ ಅಂಟುವುದು ಸುಮಾರು 5ನೇ ದಿನ. ಮೇಲಿನ ನಾಲ್ಕು ಡೋಸ್‌ಗಳಲ್ಲಿ ಒಂದೂ ಅದರ ಹತ್ತಿರ ಬೀಳುವುದಿಲ್ಲ. ಅಂಟುವ ವೇಳೆಗೆ ತಾಯಿಯಲ್ಲಿ ಪ್ರತಿಕಾಯವಿರುತ್ತದೆ, ಆದರೆ ಚುಚ್ಚಿದ ಒಂದೆರಡು ದಿನ ಇರುವ ಉರಿಯೂತವಿರುವುದಿಲ್ಲ. ಇನ್ನೊಂದು ಕೋವಿಡ್ ಲಸಿಕೆಯ ಕಂಪನಿ ಮಾಡರ್ನಾ ತನ್ನ ಇಲಿ ಪರೀಕ್ಷೆಯಲ್ಲಿ 100 ಮೈಕ್ರೋಗ್ರಾಂ ಡೋಸನ್ನು 28 ಮತ್ತು 14 ದಿನ ಮುಂಚೆ, ಗರ್ಭದ 1 ಮತ್ತು 13ನೇ ದಿನ ಕೊಟ್ಟಿತು. ಈ ಒಂದು ವಿಷಯದಲ್ಲಿ ಆ ವೇಳಾಪಟ್ಟಿ ಮೇಲು.

ಇನ್ನು ಯಾವ ವರದಿ ಓದಿದರೂ ಮರಿಗಳ ಲೆಕ್ಕವನ್ನು ತಾಯಿವಾರು ಮಾಡಿದ್ದಾರೆಯೇ ನೋಡಿ. ಒಂದೇ ಸೂಲಿನ 12 ಮರಿಗಳನ್ನು 12 ಪ್ರತ್ಯೇಕ ಸಾಕ್ಷಿಗಳೆಂದು ಎಣಿಸಿದ್ದರೆ ಆ ಪಿ ಮೌಲ್ಯವನ್ನು (ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಾಧ್ಯತೆಯ ಅಂಕಿ) ನಂಬಬೇಡಿ.